ಐವತ್ತು ಗಂಟೆಯೂ ಒಂದು ಕಳೆಯುವ ಲೆಕ್ಕವೂ

ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಕಲಿಕೆಗೆ ಕೊಡಬೇಕು ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಶಿಕ್ಷಕರಾಗುವವರ ಎರಡು ವರ್ಷದ ಕೋರ್ಸು ಡಿ.ಎಲ್.ಎಡ್.ನ ಎರಡನೇ ವರ್ಷದಲ್ಲಿರುವ ನಾನು ಇದನ್ನು ಓದಿ ಮೊದಲು ಮಾಡಿದ್ದು ಗುಣಾಕಾರ. ಇಪ್ಪತ್ತೈದಕ್ಕೆ ನೌಕರಿ ಸಿಕ್ಕಿತು ಅಂತಿಟ್ಟುಕೊಳ್ಳಿ, ಸಿಗುವುದು ಬೇರೆ ಕಥೆ. ಅರವತ್ತಕ್ಕೆ ನಿವೃತ್ತಿ. ಮೂವತ್ತೈದು ವರ್ಷಕ್ಕೆ 1,750 ಗಂಟೆ ಆಯಿತು. ದಿನಕ್ಕೆ ಐದು ಗಂಟೆಯಂತೆ ಹಿಡಿದರೆ 350 ದಿನ. ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನವಾದರೂ ಶಾಲೆ ನಡೆಯಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಆ ಅಳತೆಯಲ್ಲಿ ನೋಡಿದರೆ ನನ್ನ ಮುಂದೆ ಹೆಚ್ಚುಕಡಿಮೆ ಇನ್ನೊಂದು ಡಿ.ಎಲ್.ಎಡ್. ಕಾದು ಕೂತಿದೆ, ಕಂತಿನಲ್ಲಿ.

ಹೆದರಿಕೆಯೇನೂ ಆಗಲಿಲ್ಲ. ಈಗ ಓದುತ್ತಿರುವ ಕೋರ್ಸಿಗೆ ಪಠ್ಯಕ್ರಮ ಇದೆ, ಪ್ರಶಿಕ್ಷಕರು ಇದ್ದಾರೆ, ಪರೀಕ್ಷೆ ಇದೆ. ಕಂತಿನ ಕೋರ್ಸಿಗೆ ಯಾರಿದ್ದಾರೆ? ಅಲ್ಲಿ ನನಗೆ ಕಲಿಸುವವರು ಯಾರು, ಏನನ್ನು ಕಲಿಸಬೇಕೆಂದು ಗೊತ್ತುಮಾಡುವವರು ಯಾರು? ನೀತಿಯನ್ನು ಬರೆದವರಿಗೆ ಇದು ಹೊಳೆದಿಲ್ಲವೆಂದಲ್ಲ. ಆ 50 ಗಂಟೆ ಶಿಕ್ಷಕರ ಸ್ವಂತ ಆಸಕ್ತಿಯ ಮೇಲೆ ನಡೆಯಬೇಕು ಎಂದೂ ಅಲ್ಲೇ ಬರೆದಿದೆ. ಗಂಟೆಯ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆಸಕ್ತಿಯ ಮಾತನ್ನು ಇಂಟರ್ನ್‌ಶಿಪ್ಪಿನ ಅಷ್ಟೂ ದಿನ ಯಾರ ಬಾಯಲ್ಲೂ ನಾನು ಕೇಳಲಿಲ್ಲ.

ಇಂಟರ್ನ್‌ಶಿಪ್ಪಿಗೆ ನನಗೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿ, ಇಬ್ಬರು ಶಿಕ್ಷಕರು. ನನಗೆ ಮಾರ್ಗದರ್ಶಕರಾಗಿದ್ದ ಮೇಡಂ ತೊಂಬತ್ತರ ದಶಕದಲ್ಲಿ ಆಗಿನ ಶಿಕ್ಷಕರ ಕೋರ್ಸು ಟಿಸಿಎಚ್ ಮುಗಿಸಿ ಕೆಲಸಕ್ಕೆ ಸೇರಿದವರು. ಅವರ ಕಬ್ಬಿಣದ ಬೀರುವಿನ ಕೆಳಗಿನ ಎರಡು ಅಂಕಣದ ತುಂಬ ತರಬೇತಿ ಸಾಹಿತ್ಯ. ‘ಸಾಹಿತ್ಯ’ ಅಂದರೆ ಕಥೆ ಕಾದಂಬರಿಯಲ್ಲ, ತರಬೇತಿಯಲ್ಲಿ ಹಂಚುವ ಕೈಪಿಡಿಗಳಿಗೆ ಇಲಾಖೆಯಲ್ಲಿರುವ ಹೆಸರು ಅದು. ಚೈತನ್ಯ, ನಲಿ-ಕಲಿ, ಗುರುಚೇತನ, ನಿಷ್ಠಾ, ಕಲಿಕಾ ಚೇತರಿಕೆ. ಒಂದರ ಮೇಲೊಂದು ಪೇರಿಸಿಟ್ಟ ಆ ಕಟ್ಟನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಮೂರು ದಶಕದ ಕರ್ನಾಟಕದ ಶಾಲಾ ಚರಿತ್ರೆಯೇ ಸಿಗುತ್ತದೆ. ಅದರಲ್ಲಿ ಎಷ್ಟು ಪ್ರಯೋಜನಕ್ಕೆ ಬಂತು ಮೇಡಂ ಎಂದು ಕೇಳಿದೆ. “ನೋಡಮ್ಮ, ಯಾವುದೂ ಪೂರ್ತಿ ದಂಡ ಅಲ್ಲ. ಆದ್ರೆ ನಮಗೆ ಹೊಟ್ಟೆನೋವು ಇದ್ದಾಗ ಅವರು ತಲೆನೋವಿನ ಮಾತ್ರೆ ಕೊಟ್ಟಿರ್ತಾರೆ” ಅಂದರು.

ಶಿಕ್ಷಕರು ಕಲಿಯುತ್ತಲೇ ಇರಬೇಕು ಎಂಬುದು ಸರ್ಕಾರಿ ಕಾಗದದ ಮೇಲೆ ಹಳೆಯ ಸಂಗತಿ. 1964–66ರ ಕೊಠಾರಿ ಆಯೋಗ ಐದು ವರ್ಷದ ಸೇವೆಗೆ ಎರಡು ಮೂರು ತಿಂಗಳ ಸೇವಾನಿರತ ಶಿಕ್ಷಣ ಬೇಕು ಎಂದಿತ್ತು. 1986ರ ಶಿಕ್ಷಣ ನೀತಿಯ ಬೆನ್ನಿಗೆ ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಬಂದವು. ತೊಂಬತ್ತರ ದಶಕದ ಡಿಪಿಇಪಿ ಯೋಜನೆ ತಾನು ಜಾರಿಯಾದ ಜಿಲ್ಲೆಗಳಲ್ಲಿ ತಾಲ್ಲೂಕಿಗೊಂದು ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯನ್ನೂ ಅದರ ಕೆಳಗೆ ಕ್ಲಸ್ಟರ್ ಕೇಂದ್ರಗಳನ್ನೂ ಕಟ್ಟಿತು. ಸರ್ವ ಶಿಕ್ಷಾ ಅಭಿಯಾನ ವರ್ಷಕ್ಕೆ 20 ದಿನದ ತರಬೇತಿಯನ್ನು ಗೊತ್ತುಮಾಡಿತು. ಹೀಗೆ ವ್ಯವಸ್ಥೆಯ ಮೆಟ್ಟಿಲುಗಳೆಲ್ಲ ತಯಾರಾದವು. ಆ ಮೆಟ್ಟಿಲುಗಳ ಮೇಲೆ ಜ್ಞಾನ ಓಡಾಡಿದ್ದು ಮಾತ್ರ ಒಂದೇ ದಿಕ್ಕಿಗೆ: ಬೆಂಗಳೂರಿನಲ್ಲಿ ಕೈಪಿಡಿ ತಯಾರಾಗಿ, ರಾಜ್ಯ ಸಂಪನ್ಮೂಲ ವ್ಯಕ್ತಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ನಮ್ಮ ಮೇಡಮ್ಮಿಗೆ. ಕೆಳಗಿಳಿಯುತ್ತಾ ದಿನಗಳೂ ಕಡಿಮೆಯಾಗುತ್ತವೆ, ಚರ್ಚೆಯೂ ಕಡಿಮೆಯಾಗುತ್ತದೆ. ಕೊನೆಗೆ ಉಳಿಯುವುದು ಸ್ಲೈಡು ಮತ್ತು ಹಾಜರಿ ಪುಸ್ತಕ.

ಹಾಗೆಂದು ತರಬೇತಿಯೆಂದರೆ ಮೂಗು ಮುರಿಯುವವರ ಸಾಲಿಗೆ ನಾನು ಸೇರಲಾರೆ. ಯಾಕೆಂದರೆ ಇದೇ ಜಿಲ್ಲೆಯಲ್ಲಿ, ಇದೇ ವ್ಯವಸ್ಥೆಯೊಳಗೇ, ಒಮ್ಮೆ ದಿಕ್ಕು ಬದಲಾಗಿತ್ತು.

ಹೆಗ್ಗಡದೇವನಕೋಟೆಯಿಂದ ಹೊರಟದ್ದು

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿಯ ಹತ್ತಿರವಿರುವ ರಿಷಿವ್ಯಾಲಿಗೆ ಹೋಗಿ ಬಂದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳ ಒಂದು ಕ್ರಮ ರೂಪಿಸಿದ್ದರು. ಮಗು ತನ್ನ ವೇಗದಲ್ಲಿ ಒಂದೊಂದು ಕಾರ್ಡು ಮುಗಿಸುತ್ತಾ ಏಣಿ ಹತ್ತುತ್ತದೆ, ನಾಲ್ಕು ದಿನ ಶಾಲೆ ತಪ್ಪಿಸಿದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಕಬಿನಿ ಹಿನ್ನೀರು, ಕಾಡಂಚು, ಜೇನುಕುರುಬರ ಹಾಡಿಗಳಿರುವ ಕೋಟೆ ತಾಲ್ಲೂಕಿನಲ್ಲಿ ಮಕ್ಕಳು ಶಾಲೆ ತಪ್ಪಿಸುವುದೂ ಒಬ್ಬರೇ ಶಿಕ್ಷಕರು ನಾಲ್ಕು ತರಗತಿ ನೋಡುವುದೂ ದಿನದ ಮಾತು. ನೋಡಿ ಬಂದವರಿಗೆ ಇದು ತಮ್ಮದೇ ಸಮಸ್ಯೆಗೆ ಉತ್ತರ ಅನ್ನಿಸಿತು. ಯುನಿಸೆಫ್ ನೆರವಿತ್ತು, ಇಲಾಖೆಯಲ್ಲಿ ಬೆನ್ನಿಗೆ ನಿಂತ ಅಧಿಕಾರಿಗಳಿದ್ದರು. ಆದರೆ ಕನ್ನಡದ ಕಾರ್ಡುಗಳನ್ನು ಮಾಡಲು ಕುಳಿತವರು ಶಿಕ್ಷಕರೇ. ಅದೇ ನಲಿ-ಕಲಿಯಾಯಿತು.

ಅಕ್ಷರ ಕಲಿಸುವುದಕ್ಕೆ ನಲಿ-ಕಲಿಯಲ್ಲಿ ಅ, ಆ, ಇ, ಈ ಸಾಲು ಇಲ್ಲ. ಮೊದಲ ಗುಂಪು ರ, ಗ, ಸ, ದ, ಅ. ನಾನು ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವಳು. ಒಂದನೇ ತರಗತಿಯ ಹುಡುಗನೊಬ್ಬ ಈ ಐದೇ ಅಕ್ಷರ ಹಿಡಿದು ಸರ, ದರ, ಅರಸ, ಅಗಸ ಎಂದು ಓದಿಕೊಂಡು ಹೋಗಿ ‘ಗರಗಸ’ ಸಿಕ್ಕಾಗ ಕುಣಿದದ್ದನ್ನು ನೋಡುವವರೆಗೆ ಅದರ ಹಿಂದಿನ ಬುದ್ಧಿವಂತಿಕೆ ನನಗೆ ತಲುಪಿರಲಿಲ್ಲ. ವರ್ಣಮಾಲೆಯ ಸಾಲಿನಲ್ಲಿ ಕಲಿತರೆ ಹದಿನೈದು ಅಕ್ಷರ ದಾಟಿದರೂ ಮಗುವಿಗೆ ಓದಲು ಒಂದು ನೆಟ್ಟಗಿನ ಪದ ಸಿಗುವುದು ಕಷ್ಟ. ಇಲ್ಲಿ ಐದು ಅಕ್ಷರಕ್ಕೇ ಪದ. ಬರೆಯುವ ಕೈಗೂ ರ, ಗ, ಸ, ದಗಳ ದುಂಡು ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ತರಗತಿಯಲ್ಲಿ ಮಕ್ಕಳ ಪಕ್ಕ ನೆಲದ ಮೇಲೆ ಕೂತವರಿಗೆ ಇಂಥದ್ದು ಬೇಗ ಕಾಣುತ್ತದೆ.

2009–10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ನಮ್ಮ ಮೇಡಂ ಅದನ್ನು ಕಲಿತದ್ದು ಆಗ. ಕಾರ್ಡು, ಕಲಿಕಾ ಏಣಿ, ಪ್ರಗತಿನೋಟ, ಗುಂಪಿನ ತಟ್ಟೆಗಳು ಎಲ್ಲ ಪೆಟ್ಟಿಗೆಯಲ್ಲಿ ಬಂದವು. “ಮೊದಲ ವರ್ಷ ಸಿಟ್ಟೇ ಬರ್ತಿತ್ತು. ಅಳತೆ ಕೊಡದೆ ಹೊಲಿಸಿದ ರವಿಕೆ ಥರ” ಎಂದರು. ಎರಡನೇ ವರ್ಷ ಒಬ್ಬ ಸಹೋದ್ಯೋಗಿಯ ಜೊತೆ ಕೂತು ಕಾರ್ಡುಗಳನ್ನು ತಿರುವಿ ಹಾಕಿ, ಯಾವುದು ಯಾಕೆ ಎಲ್ಲಿದೆ ಎಂದು ಜಗಳವಾಡಿ, ತಮ್ಮೂರಿನ ಹಾಡು ಕಥೆಗಳನ್ನು ಸೇರಿಸಿಕೊಂಡ ಮೇಲೆ ಅದು ಒಗ್ಗಿತಂತೆ. ಇವತ್ತಿಗೂ ಅವರ ಕೋಣೆಯ ಚಪ್ಪರದ ಹಗ್ಗದಲ್ಲಿ ತೂಗುತ್ತಿರುವ ಅರ್ಧ ಸಾಮಗ್ರಿ ಪೆಟ್ಟಿಗೆಯಿಂದ ಬಂದದ್ದಲ್ಲ.

ಒಂದೇ ಕಾರ್ಯಕ್ರಮ, ಒಂದೇ ಕಾರ್ಡು. ಕೋಟೆಯ ಶಿಕ್ಷಕರಿಗೆ ಅದು ಕಲಿಕೆ, ಪೆಟ್ಟಿಗೆ ಪಡೆದವರಿಗೆ ಅದು ಆದೇಶ. ಮೇಡಂ ಅದನ್ನು ಮತ್ತೆ ಕಲಿಕೆಯಾಗಿ ಮಾಡಿಕೊಳ್ಳಲು ಅವರಿಗೆ ಬೇಕಾದದ್ದು ಜಗಳವಾಡಲು ಇನ್ನೊಬ್ಬ ಶಿಕ್ಷಕಿ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ: ವರ್ಷದ 50 ಗಂಟೆಯಲ್ಲಿ ಮೊದಲ ಪಾಲು ಈ ಜಗಳಕ್ಕೆ ಮೀಸಲಾಗಬೇಕು. ಈಗ ಅದಕ್ಕೆ ಸಿಗುತ್ತಿರುವುದು ಚಹಾ ವಿರಾಮ.

ದೊಡ್ಡದರಿಂದ ಚಿಕ್ಕದು

ಅಂಥ ಒಂದು ಜಗಳವನ್ನು ಇಂಟರ್ನ್‌ಶಿಪ್ಪಿನಲ್ಲಿ ನಾನೂ ನೋಡಿದೆ. ನಮ್ಮ ಶಾಲೆಯ ಮೂರನೇ ತರಗತಿಯ ಹುಡುಗಿಯೊಬ್ಬಳು 42ರಲ್ಲಿ 17 ಕಳೆದು 35 ಎಂದು ಬರೆದಿದ್ದಳು. ಅದರ ಕೆಳಗಿನ ಲೆಕ್ಕ 50ರಲ್ಲಿ 26. ಅವಳ ಉತ್ತರ 36. ಪುಟದ ತುಂಬ ಹೀಗೇ. ದಶಕ ತೆಗೆದುಕೊಳ್ಳಬೇಕಾದ ಲೆಕ್ಕಗಳೆಲ್ಲ ತಪ್ಪು, ಬೇಡವಾದವೆಲ್ಲ ಸರಿ. ಇದು ಕಣ್ತಪ್ಪಲ್ಲ, ಒಂದು ನಿಯಮ ಹಿಡಿದು ನಡೆದಿದ್ದಾಳೆ ಎಂದು ಗೊತ್ತಾಗುವಷ್ಟು ಅಚ್ಚುಕಟ್ಟು. ಹೇಗೆ ಮಾಡಿದೆ ಪುಟ್ಟಿ ಎಂದು ಕೇಳಿದರೆ, “ಏಳರಲ್ಲಿ ಎರಡು ಹೋದ್ರೆ ಐದು, ನಾಲ್ಕರಲ್ಲಿ ಒಂದು ಹೋದ್ರೆ ಮೂರು” ಎಂದಳು. ಮೇಲಿರುವುದು ಎರಡಲ್ವಾ, ಕೆಳಗಿರುವುದು ಏಳಲ್ವಾ? “ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ ಹೇಳ್ಕೊಟ್ಟಿದಾರಲ್ಲ ಮಿಸ್.”

ಹೌದು, ಹೇಳಿಕೊಟ್ಟಿದ್ದಾರೆ. ಒಂದನೇ ತರಗತಿಯಲ್ಲಿ ಎಲ್ಲ ಶಿಕ್ಷಕರೂ ಹೇಳುವ ಮಾತು ಅದು. ಒಂದಂಕಿಯ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಹುಡುಗಿ ಅದನ್ನು ನಂಬಿ ಎರಡಂಕಿಗೂ ತಂದಳು. ಇಲ್ಲಿ ‘ತಪ್ಪು’ ಎಂದು ಅಡ್ಡಗೀಟು ಎಳೆದರೆ ಏನು ತಿದ್ದಿದಂತಾಯಿತು? ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಎಂದು ಹೇಳಿಕೊಟ್ಟರೆ ಉತ್ತರ 25 ಬರುತ್ತದೆ, ನಿಜ. ಆದರೆ 42 ಎಂದರೆ ನಾಲ್ಕು ಹತ್ತು, ಎರಡು ಬಿಡಿ, ಅದನ್ನೇ ಮೂರು ಹತ್ತು, ಹನ್ನೆರಡು ಬಿಡಿ ಎಂದೂ ನೋಡಬಹುದು ಎಂಬುದು ಅವಳಿಗೆ ಹೊಳೆಯದಿದ್ದರೆ, ಮುಂದಿನ ವರ್ಷ ಮೂರಂಕಿಯಲ್ಲಿ ಸೊನ್ನೆ ಬಂದ ದಿನ ಮತ್ತೆ ಇದೇ ಕಥೆ.

ನನ್ನ ಪಾಠ ಯೋಜನೆಯಲ್ಲಿ ಕಲಿಕಾ ಫಲ ಇತ್ತು, ಕಲಿಕೋಪಕರಣ ಇತ್ತು, ಮೌಲ್ಯಮಾಪನದ ಕೋಷ್ಟಕ ಇತ್ತು. ಈ ಹುಡುಗಿಯ ನಿಯಮಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಮೇಡಮ್ಮಿಗೆ ತೋರಿಸಿದೆ. ಅವರು ನಕ್ಕು, “ಗುರುವಾರ ಕ್ಲಸ್ಟರ್ ಮೀಟಿಂಗ್ ಇದೆ, ಈ ಪುಟ ಎತ್ಕೊಂಡು ಬಾ” ಅಂದರು.

ಕ್ಲಸ್ಟರ್ ಸಭೆ ಎಂದರೆ ಸುತ್ತಲಿನ ಹತ್ತಾರು ಶಾಲೆಗಳ ಶಿಕ್ಷಕರು ಆಗಾಗ ಒಂದು ಶಾಲೆಯಲ್ಲಿ ಕೂಡುವ ಸಮಾಲೋಚನೆ. ನಡೆಸುವವರು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಅವರೂ ಶಿಕ್ಷಕರೇ. ಕಾಗದದಲ್ಲಿ ಇದರ ಉದ್ದೇಶ ಬೋಧನೆಯ ಚರ್ಚೆ. ಅವತ್ತು ಮಧ್ಯಾಹ್ನದವರೆಗೆ ನಡೆದದ್ದು ಮಕ್ಕಳ ದಾಖಲೆಯ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಬಾಕಿ ಉಳಿದ ಹೆಸರುಗಳು, ಆಧಾರ್ ಹೊಂದಾಣಿಕೆ, ಶೂ ಸಾಕ್ಸಿನ ಬಿಲ್ಲು, ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಎಂಬ ಲೆಕ್ಕ. ಸಿಆರ್‌ಪಿಯನ್ನು ದೂರಿ ಫಲವಿಲ್ಲ. ಮೇಲಿನಿಂದ ಸಂಜೆಯೊಳಗೆ ಕೇಳುವ ಮಾಹಿತಿಗೆ ಅವರೇ ಹೊಣೆ. ಬಿಸಿಯೂಟ ಮುಗಿದ ಮೇಲೆ ಮೇಡಂ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ಬೋರ್ಡಿನ ಮೇಲೆ ಅದೇ ಲೆಕ್ಕ, ಅದೇ 35 ಬರೆದು, “ಇದನ್ನ ಏನು ಮಾಡೋಣ ಹೇಳಿ” ಎಂದು ಕೂತುಬಿಟ್ಟರು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಯಾರನ್ನೂ ತಡೆಯುವುದಕ್ಕಾಗಲಿಲ್ಲ. ತಮ್ಮ ಶಾಲೆಯಲ್ಲೂ ಇದೇ ಎಂದರು ಮೂರು ನಾಲ್ಕು ಜನ. ಹಿಂದಿನ ಬೆಂಚಿನ ಮೇಷ್ಟ್ರೊಬ್ಬರು ಕಡ್ಡಿ ಕಟ್ಟು ಬಿಚ್ಚಿಸಬೇಕು ಎಂದರು. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ನಾಲ್ಕು ಕಟ್ಟು, ಎರಡು ಬಿಡಿ ಕೊಡಿ, ಹದಿನೇಳು ಎತ್ತಿಕೊಡು ಅನ್ನಿ, ಮಗುವೇ ಕಟ್ಟು ಬಿಚ್ಚುತ್ತದೆ, ನೀವು ಬಾಯಿ ತೆರೆಯಬೇಡಿ. ಇನ್ನೊಬ್ಬರು ದುಡ್ಡಿನ ದಾರಿ ಹೇಳಿದರು: ಹತ್ತರ ನಾಲ್ಕು ನೋಟು, ಒಂದರ ಎರಡು ನಾಣ್ಯ, ಅಂಗಡಿಯಲ್ಲಿ ಹದಿನೇಳು ರೂಪಾಯಿ ಕೊಡಬೇಕು, ಚಿಲ್ಲರೆ ಮುರಿಸು. “ಎಲ್ಲಿಯ ಚಿಲ್ಲರೆ ಮೇಡಂ, ಮಕ್ಕಳು ನೋಡ್ತಿರೋದು ಫೋನ್‌ಪೇ” ಎಂದು ಕಿರಿಯ ಶಿಕ್ಷಕನೊಬ್ಬ ಕಾಲೆಳೆದ. ನಗು. ಆದರೆ ಆ ಮಾತು ತಮಾಷೆಯಲ್ಲಿ ಮುಗಿಯಲಿಲ್ಲ. ನೋಟು ಮುರಿಸುವುದನ್ನೇ ನೋಡದ ಮಕ್ಕಳಿಗೆ ನಾವು ಪುಸ್ತಕದ ನೋಟಿನ ಚಿತ್ರ ತೋರಿಸಿ ಏನು ಪ್ರಯೋಜನ ಎಂಬಲ್ಲಿಗೆ ಹೋಯಿತು. ಕಡ್ಡಿಯೇ ವಾಸಿ ಎಂದರು ಕೆಲವರು. ಕಡ್ಡಿಯಲ್ಲಿ ಸರಿಮಾಡಿದ ಮಗು ಪುಸ್ತಕಕ್ಕೆ ಬಂದ ಕೂಡಲೇ ಮತ್ತೆ 35 ಬರೆಯುತ್ತದೆ, ಕಡ್ಡಿಗೂ ಅಂಕಿಗೂ ನಡುವೆ ಏನೋ ಒಂದು ಬೇಕು ಎಂದರು ಒಬ್ಬರು. ಅದೇನು ಎಂದು ಹುಡುಕುತ್ತಾ ಒಬ್ಬರು 42 = 30 + 12 ಎಂದು ಬಿಡಿಸಿ ಬರೆಸುವ ಕ್ರಮ ತೋರಿಸಿದರು. “ಸರಿ, 302ರಲ್ಲಿ 145 ಕಳೆಯುವಾಗ ನಿಮ್ಮ ಮಕ್ಕಳು ಏನು ಮಾಡ್ತಾರೆ?” ಎಂದು ಕಡ್ಡಿಯ ಮೇಷ್ಟ್ರು ಕೇಳಿದರು. ಅದಕ್ಕೆ ಎಲ್ಲರೂ ಒಪ್ಪುವ ಉತ್ತರ ಅವತ್ತು ಬರಲಿಲ್ಲ.

ಮುಕ್ಕಾಲು ಗಂಟೆ ಹೋಗಿರಬೇಕು. ಎರಡು ವರ್ಷದಲ್ಲಿ ಗಣಿತ ಬೋಧನೆಯ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಚರ್ಚೆ ಅದು. ಅದಕ್ಕೆ ಪ್ರಮಾಣಪತ್ರ ಇಲ್ಲ, ಯಾವ ಪೋರ್ಟಲ್ಲಿನಲ್ಲೂ ಅದು ದಾಖಲಾಗುವುದಿಲ್ಲ. ಸಭೆಯ ನಡಾವಳಿ ಪುಸ್ತಕದಲ್ಲಿ ‘ಗಣಿತ ಕಲಿಕೆಯ ಬಗ್ಗೆ ಚರ್ಚಿಸಲಾಯಿತು’ ಎಂದು ಒಂದು ಸಾಲು ಬಿತ್ತು.

ಅಮೆರಿಕ, ಚೀನಾ, ಜಪಾನ್

ಕಾಲೇಜಿಗೆ ವಾಪಸಾದ ಮೇಲೆ ಗ್ರಂಥಾಲಯದಲ್ಲಿ ಕಳೆಯುವ ಲೆಕ್ಕದ ಬಗ್ಗೆ ಹುಡುಕಿದಾಗ ಸಿಕ್ಕಿದ್ದು ಲಿಪಿಂಗ್ ಮಾ ಎಂಬ ಚೀನೀ ಶಿಕ್ಷಕಿ-ಸಂಶೋಧಕಿಯ ಕೆಲಸ. 1999ರಲ್ಲಿ ಬಂದ ಅವರ ಪುಸ್ತಕದಲ್ಲಿ 23 ಅಮೆರಿಕನ್ ಮತ್ತು 72 ಚೀನೀ ಪ್ರಾಥಮಿಕ ಶಿಕ್ಷಕರ ಸಂದರ್ಶನಗಳಿವೆ. ಮೊದಲ ಪ್ರಶ್ನೆಯೇ ಇದು: 52ರಲ್ಲಿ 25 ಕಳೆಯುವಂಥ ಲೆಕ್ಕವನ್ನು ಮಕ್ಕಳಿಗೆ ಹೇಗೆ ಕಲಿಸುತ್ತೀರಿ? ಅಮೆರಿಕದ ಹೆಚ್ಚಿನವರು ‘ಸಾಲ’ದ ವಿಧಾನ ಹೇಳಿದರು. ಚೀನಾದ ಹೆಚ್ಚಿನವರು ದೊಡ್ಡ ಘಟಕವನ್ನು ಬಿಡಿಸುವ ಮಾತಾಡಿದರು, ಹಲವರು ಅದಕ್ಕೆ ಬೇರೆ ಬೇರೆ ದಾರಿಗಳನ್ನೂ ತೋರಿಸಿದರು. ಸೋಜಿಗವೆಂದರೆ ಹೆಚ್ಚು ವರ್ಷ ಓದಿದವರು ಅಮೆರಿಕದವರು. ಚೀನಾದ ಆ ಶಿಕ್ಷಕರ ಓದು ಒಂಬತ್ತನೇ ತರಗತಿ, ಅದರ ಮೇಲೆ ಎರಡು ಮೂರು ವರ್ಷದ ಶಿಕ್ಷಕರ ಶಾಲೆ. ನಮ್ಮ ಡಿ.ಎಲ್.ಎಡ್.ಗಿಂತಲೂ ಕಡಿಮೆ. ಹಾಗಾದರೆ ಅವರು ಕಲಿತದ್ದೆಲ್ಲಿ? ಕೆಲಸಕ್ಕೆ ಸೇರಿದ ಮೇಲೆ, ಒಬ್ಬರಿಂದೊಬ್ಬರು. ಅಲ್ಲಿನ ಶಾಲೆಗಳಲ್ಲಿ ಒಂದೇ ವಿಷಯ ಬೋಧಿಸುವವರ ಅಧ್ಯಯನ ಗುಂಪುಗಳಿರುತ್ತವೆ. ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು, ಈ ಉದಾಹರಣೆಯನ್ನು ಇಲ್ಲಿ ಯಾಕೆ ಕೊಟ್ಟಿದ್ದಾರೆ ಎಂದು ಸೇರಿ ಓದುವುದು ಅವರ ಕೆಲಸದ ಭಾಗ.

ಜಪಾನಿನಲ್ಲೂ ಶತಮಾನ ದಾಟಿದ ಇಂಥದೇ ಒಂದು ರೂಢಿಯಿದೆ. ನಾಲ್ಕಾರು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಜಿಸುತ್ತಾರೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ತರಗತಿಯಲ್ಲಿ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಪಾಠವನ್ನು ಬಿಚ್ಚಿ ಮತ್ತೆ ಹೊಲಿಯುತ್ತಾರೆ. ನಮ್ಮ ಕೋರ್ಸಿನಲ್ಲೂ ಸಹಪಾಠಿಯ ಪಾಠ ವೀಕ್ಷಣೆ ಇದೆ. ಆದರೆ ವೀಕ್ಷಣಾ ನಮೂನೆಯಲ್ಲಿ ನಾವು ಅಂಕ ಕೊಡುವುದು ಪಾಠ ಮಾಡಿದವಳ ಧ್ವನಿ, ಕಪ್ಪುಹಲಗೆಯ ಬಳಕೆ, ಆತ್ಮವಿಶ್ವಾಸಕ್ಕೆ. ಪಾಠ ಕೇಳಿದ ಮಕ್ಕಳ ತಲೆಯಲ್ಲಿ ಏನಾಯಿತು ಎಂದು ಬರೆಯಲು ಅದರಲ್ಲಿ ಕಾಲಂ ಇಲ್ಲ. ನನಗೆ ಅಧಿಕಾರವಿದ್ದರೆ ಮೊದಲು ಬದಲಿಸುವುದು ಆ ನಮೂನೆಯನ್ನು.

ದೂರದೇಶದ ಮಾತು ನಮಗೆ ಹೊಂದುವುದಿಲ್ಲ ಎಂದು ತಳ್ಳಿಹಾಕುವ ಹಾಗೂ ಇಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಕಡೆ ಶಾಲೆ ಬಿಟ್ಟ ಮೇಲೆ ಸಂಜೆ ತಾವಾಗಿ ಸೇರುವ ಶಿಕ್ಷಕರ ವೇದಿಕೆಗಳು ನಡೆದಿವೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಲವೆಡೆ ನಡೆಸುವ ಶಿಕ್ಷಕರ ಕಲಿಕಾ ಕೇಂದ್ರಗಳಲ್ಲಿ ಪುಸ್ತಕ, ಪ್ರಯೋಗದ ಸಾಮಾನು, ಕೂತು ಮಾತಾಡಲು ಜಾಗ ಇದೆ. ಅಲ್ಲಿಗೆ ಬರುವವರು ಅನ್ಯ ಕರ್ತವ್ಯ (ಓಓಡಿ) ಹಾಕಿಕೊಂಡು ಬರುವವರಲ್ಲ. ರಾಜ್ಯ ಸರ್ಕಾರವೂ 2017ರ ಸುಮಾರಿಗೆ ಗುರುಚೇತನ ತಂದಾಗ ಶಿಕ್ಷಕರೇ ತಮಗೆ ಬೇಕಾದ ವಿಷಯ ಆರಿಸಿಕೊಳ್ಳುವ ವ್ಯವಸ್ಥೆ ಮಾಡಿತ್ತು. ನಮ್ಮ ಮೇಡಮ್ಮಿಗೆ ಬೀರುವಿನ ಅಷ್ಟೂ ಸಾಹಿತ್ಯದಲ್ಲಿ ಗುರುಚೇತನದ ಒಂದೆರಡು ಕೈಪಿಡಿಗಳ ಮೇಲೆ ಮಾತ್ರ ಪ್ರೀತಿ. ಅವುಗಳ ಅಂಚಿನಲ್ಲಿ ಅವರ ಪೆನ್ಸಿಲ್ ಬರಹ ಇದೆ.

ಮೊಬೈಲಿಗೆ ಬಂದ ತರಬೇತಿ

ಇನ್ನೊಂದು ಕಡೆಯಿಂದ ಬಂದದ್ದು ಕೇಂದ್ರ ಸರ್ಕಾರದ ತರಬೇತಿ ನಿಷ್ಠಾ. 2019ರ ಆಗಸ್ಟಿನಲ್ಲಿ ದೇಶದ 42 ಲಕ್ಷ ಮಂದಿಯ ಗುರಿಯಿಟ್ಟುಕೊಂಡು ಮುಖಾಮುಖಿಯಾಗಿ ಶುರುವಾಯಿತು. ಮರುವರ್ಷ ಕೋವಿಡ್ಡಿನಿಂದಾಗಿ 18 ಮಾಡ್ಯೂಲುಗಳಾಗಿ ದೀಕ್ಷಾ ಆ್ಯಪಿಗೆ ಹೋಯಿತು. 2021ರ ನಿಪುಣ್ ಭಾರತ್ ಜೊತೆ ಬುನಾದಿ ಓದು-ಲೆಕ್ಕದ ಕೋರ್ಸುಗಳೂ ಬಂದವು. ಮನೆಯಲ್ಲೇ ಕೂತು ಮಾಡಬಹುದು. ಅದೇ ಅದರ ಅನುಕೂಲ, ಅದೇ ತೊಡಕು. ಒಲೆಯ ಮೇಲೆ ಕುಕ್ಕರು, ಪಕ್ಕದಲ್ಲಿ ತನ್ನಷ್ಟಕ್ಕೆ ಓಡುವ ವಿಡಿಯೊ. ಕೊನೆಯ ಪರೀಕ್ಷೆಯಲ್ಲಿ ಶೇ 70 ಬಂದರೆ ಪ್ರಮಾಣಪತ್ರ. ಉತ್ತರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ ಎಂಬುದು ಗುಟ್ಟೇನಲ್ಲ. ಇದರಲ್ಲಿ ಶಿಕ್ಷಕರ ಸೋಮಾರಿತನ ಹುಡುಕುವವರು, ಎಷ್ಟು ಜನ ಮುಗಿಸಿದ್ದಾರೆ ಎಂದು ದಿನಾ ಪಟ್ಟಿ ಹಾಕಿ ಬಾಕಿ ಇದ್ದವರ ಹೆಸರಿನ ಮೇಲೆ ಕೆಂಪು ಬಣ್ಣ ಬಳಿಯುವವರ ಕಡೆಗೂ ಒಮ್ಮೆ ನೋಡಬೇಕು. ಮುಗಿಸುವುದನ್ನೇ ಎಣಿಸಿದರೆ ಜನ ಮುಗಿಸುತ್ತಾರೆ.

ಆ ಮಾಡ್ಯೂಲುಗಳನ್ನು ನಾನು ಕುತೂಹಲಕ್ಕೆ ನೋಡಿದೆ. ಮಗುವಿನ ಮನೆಮಾತಿನ ಬಗ್ಗೆ, ಓದುವುದಕ್ಕೂ ಮುಂಚಿನ ಓದಿನ ಬಗ್ಗೆ ಒಳ್ಳೆಯ ಸಾಮಗ್ರಿಯೇ ಇದೆ. ಅದನ್ನು ಐದು ಜನ ಒಟ್ಟಿಗೆ ನೋಡಿ, ನಮ್ಮ ಶಾಲೆಯ ಸೋಲಿಗರ ಮಗು, ಲಂಬಾಣಿ ಮಗು, ಬಿಹಾರದ ಕೂಲಿಯವರ ಮಗು ಇದರಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿಕೊಂಡರೆ ಅದರ ಬೆಲೆಯೇ ಬೇರೆ.

ಶಿಕ್ಷಕರನ್ನು ಅಳೆಯುವ ಇನ್ನೊಂದು ದಾರಿ ಪರೀಕ್ಷೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ಸ್ಟಾಫ್ ರೂಮುಗಳಲ್ಲಿ ಇನ್ನೂ ಕುದಿಯುತ್ತಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಇಲ್ಲದ ಸೇವಾನಿರತ ಶಿಕ್ಷಕರು ಎರಡು ವರ್ಷದಲ್ಲಿ ಅದನ್ನು ಪಾಸು ಮಾಡಬೇಕು. ಟಿಇಟಿಗೆ ಓದುತ್ತಿರುವ ನಾನು, ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರು, ಇಬ್ಬರ ಬ್ಯಾಗಿನಲ್ಲೂ ಈಗ ಅದೇ ಗೈಡು. ಅರ್ಹತೆಗೆ ಒಂದು ಗೆರೆ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಮನೋವಿಜ್ಞಾನಿ ಪಿಯಾಜೆಯ ಹಂತಗಳನ್ನು ನಾಲ್ಕು ಆಯ್ಕೆಯಲ್ಲಿ ಗುರುತಿಸುವುದನ್ನು ಯಾರೂ ವೃತ್ತಿಯ ಬೆಳವಣಿಗೆ ಎಂದು ಕರೆಯದಿದ್ದರೆ ಸಾಕು. 42ರಲ್ಲಿ 17 ಕಳೆದು 35 ಬರೆದವಳ ಮುಂದೆ ಆ ಗೈಡು ಬಾಯಿ ಬಿಡುವುದಿಲ್ಲ.

ಜಗಳಕ್ಕೆ ಹೊತ್ತೆಲ್ಲಿ?

ಮೇಡಂ ಮಾತ್ರ ನನ್ನ ಉತ್ಸಾಹಕ್ಕೆ ಸುಲಭವಾಗಿ ಸೋಲುವವರಲ್ಲ. ಕ್ಲಸ್ಟರ್ ಸಭೆಯ ಚರ್ಚೆಯನ್ನು ನಾನು ಹೊಗಳುತ್ತಿದ್ದಾಗ, “ಅವತ್ತು ನಮ್ಮ ಶಾಲೆ ಹೇಗಿತ್ತು ಗೊತ್ತಾ?” ಎಂದು ಕೇಳಿದರು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರು ಹೊರಗೆ ಹೋದರೆ ಉಳಿದವರಿಗೆ ಐದೂ ತರಗತಿ. ಏಕೋಪಾಧ್ಯಾಯ ಶಾಲೆಯಲ್ಲಿ ಆ ಒಬ್ಬರೂ ಹೊರಟರೆ ಬೇರೆ ಶಾಲೆಯಿಂದ ಯಾರಾದರೂ ಬರಬೇಕು. ಬಾರದಿದ್ದರೆ ಬಿಸಿಯೂಟದ ಅಕ್ಕನೇ ಮಕ್ಕಳನ್ನು ಕಾಯುವುದೂ ಉಂಟು. 50 ಗಂಟೆಯನ್ನು ಶಿಕ್ಷಕರಿಗೆ ಕೊಟ್ಟರೆ ಮಕ್ಕಳಿಂದ ತೆಗೆದುಕೊಂಡದ್ದೆಷ್ಟು? ಇದನ್ನು ಕೂಡುವ ಕಾಲಂ ಯಾವ ನೀತಿಯಲ್ಲೂ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ವಾರಕ್ಕೆ ಪಾಠದ ತಯಾರಿಯೂ ಸೇರಿ 45 ಗಂಟೆ ಕೆಲಸ ಎನ್ನುತ್ತದೆ. ತಯಾರಿಯನ್ನೂ ಕೆಲಸವೆಂದು ಕಾನೂನೇ ಒಪ್ಪಿದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎಂದೂ ಅದರ 27ನೇ ಸೆಕ್ಷನ್ ಹೇಳುತ್ತದೆ. ಆ ‘ಬಿಟ್ಟು’ ಅನ್ನುವುದೇ ದೊಡ್ಡದಾಗಿಬಿಟ್ಟಿದೆ ಅನ್ನಿ. ನಾನಿದ್ದ ಶಾಲೆಯಲ್ಲಿ ಮೇಡಂ ಪಾಠದ ತಯಾರಿ ಮಾಡುತ್ತಿದ್ದದ್ದು ಬಸ್ಸಿನಲ್ಲಿ. ಇನ್ನೊಬ್ಬ ಶಿಕ್ಷಕರಾದ ಹೆಡ್ ಮೇಷ್ಟ್ರ ತಯಾರಿಯ ಹೊತ್ತೆಲ್ಲ ಲ್ಯಾಪ್‌ಟಾಪಿನ ಮುಂದೆ, ಮಾಹಿತಿ ತುಂಬಿಸುವುದರಲ್ಲಿ.

ಹೊಸ ತರಬೇತಿ ಬೇಡ ಎಂಬುದು ಮೇಡಂ ವಾದವಲ್ಲ. ತಿಂಗಳಿಗೆ ಒಂದು ಮಧ್ಯಾಹ್ನ ಯಾರೂ ಮಾಹಿತಿ ಕೇಳಬಾರದು, ಕ್ಲಸ್ಟರ್ ಸಭೆಗೆ ಬರುವವರೆಲ್ಲ ಒಂದು ಮಗುವಿನ ಒಂದು ಪುಟ ತರಬೇಕು, ಅಷ್ಟು ಮಾಡಿದರೆ ಡಯಟ್‌ನವರೂ ಬಂದು ಕೂತು ಕೇಳಿಸಿಕೊಳ್ಳಲಿ ಎನ್ನುತ್ತಾರೆ. ನಮ್ಮ ಪ್ರಶಿಕ್ಷಕರೊಬ್ಬರಿಗೆ ಇದನ್ನು ಹೇಳಿದೆ. ಅವರಿಗೆ ಇಷ್ಟವಾಯಿತು, ಆದರೆ ಹಾಗೆ ಬಿಟ್ಟರೆ ಕೆಲವು ಕ್ಲಸ್ಟರುಗಳಲ್ಲಿ ಬರೀ ಹರಟೆಯಾಗುತ್ತದೆ, ಗಣಿತ ಚೆನ್ನಾಗಿ ತಿಳಿದವರು ಒಬ್ಬರೂ ಇಲ್ಲದ ಗುಂಪು ತಪ್ಪನ್ನೇ ಒಬ್ಬರಿಗೊಬ್ಬರು ಕಲಿಸಿಕೊಳ್ಳಬಹುದು ಎಂದರು. ಈ ಆಕ್ಷೇಪ ಸಣ್ಣದಲ್ಲ. ಅಂಥ ಗುಂಪಿಗೆ ಹೊರಗಿನವರೊಬ್ಬರು ಬೇಕು. ಕೋಟೆಯವರೂ ಮೊದಲು ರಿಷಿವ್ಯಾಲಿಗೆ ಹೋಗಿಬಂದವರೇ. ತಮ್ಮ ಪ್ರಶ್ನೆ ಹೊತ್ತು ಹೋಗಿದ್ದರು ಎಂಬುದಷ್ಟೇ ವ್ಯತ್ಯಾಸ.

ನಮ್ಮ ಬ್ಯಾಚಿನ ಅನೇಕರಿಗೆ ಈ ಚರ್ಚೆಯೆಲ್ಲ ಮುಂದೆ ದಕ್ಕುವುದೇ ಇಲ್ಲ. ಸರ್ಕಾರಿ ನೇಮಕಾತಿ ಯಾವಾಗ, ಎಷ್ಟು ಹುದ್ದೆ, ಯಾರಿಗೂ ಖಾತ್ರಿಯಿಲ್ಲ. ಬಹಳಷ್ಟು ಜನ ಹತ್ತಿರದ ಖಾಸಗಿ ಶಾಲೆಗಳಿಗೆ ಹೋಗುತ್ತಾರೆ. ಅಲ್ಲಿ ಬಿಆರ್‌ಸಿ ಇಲ್ಲ, ಕ್ಲಸ್ಟರ್ ಇಲ್ಲ. ಜೂನ್‌ಗೆ ಮುಂಚೆ ಪುಸ್ತಕದ ಕಂಪನಿಯವರು ಬಂದು ತಮ್ಮ ಪುಸ್ತಕ ಬಳಸುವುದು ಹೇಗೆಂದು ಅರ್ಧ ದಿನ ಹೇಳಿದರೆ ಅದೇ ತರಬೇತಿ ಎಂದು ಹೋದ ವರ್ಷ ಸೇರಿದ ಅಕ್ಕಂದಿರು ಹೇಳುತ್ತಾರೆ. 50 ಗಂಟೆಯ ಮಾತು ಅವರ ಶಾಲೆಯ ಗೇಟಿನ ಒಳಗೆ ಬಂದಿಲ್ಲ.

ಹಾಗಾಗಿ ನಾವು ಆರು ಜನ ಗೆಳತಿಯರು, ಯಾರಿಗೆ ಎಲ್ಲಿ ಕೆಲಸವಾದರೂ ಸರಿ, ತಿಂಗಳಿಗೊಂದು ಭಾನುವಾರ ಮೈಸೂರಿನಲ್ಲಿ ಸೇರೋಣ ಎಂದುಕೊಂಡಿದ್ದೇವೆ. ಆರೂ ಜನ ಎಷ್ಟು ತಿಂಗಳು ಬರುತ್ತೇವೋ, ಮದುವೆಯಾದವರನ್ನು ಮನೆಯಿಂದ ಬಿಡುತ್ತಾರೋ ಇಲ್ಲವೋ, ಈಗಲೇ ಪಣ ಕಟ್ಟಿದ್ದಾರೆ ಉಳಿದ ಹುಡುಗಿಯರು. ಮೊದಲ ಭಾನುವಾರಕ್ಕೆ ಭಿನ್ನರಾಶಿ ಇರಲಿ ಎಂದಳು ಒಬ್ಬಳು. ನಾನು 302ರಲ್ಲಿ 145 ಆಗಲಿ ಅಂದೆ. ಇನ್ನೂ ತೀರ್ಮಾನವಾಗಿಲ್ಲ.